ಸೌರಕೋಶದ ಲೋಹಸಂಪರ್ಕ: ಒಂದು ಐತಿಹಾಸಿಕ ವಿವೇಚನೆ

ಸೌರಕೋಶದ ಇತಿಹಾಸವೆಂದರೆ ಸಿಲಿಕಾನಿನ ಇತಿಹಾಸವೆಂದೇ ಸಾಮಾನ್ಯವಾಗಿ ಭಾವಿಸಲಾಗಿದೆ. ಬೆಳಕಿನಿಂದ ಹುಟ್ಟಿದ ವಿದ್ಯುತ್ತನ್ನು ಹೊರತರುವ ಲೋಹದ ಗೆರೆಗಳು ಅಲ್ಪಾಂಗವೆಂದು ಬದಿಗೆ ಸರಿದಿವೆ. ಆದರೆ ಈ ಕೋಶವು ಉಪಗ್ರಹದಿಂದ ಮನೆಯ ಮಾಳಿಗೆಗೆ ಇಳಿದುಬಂದುದಕ್ಕೆ ಆ ಗೆರೆಗಳೂ ಒಂದು ಮುಖ್ಯ ಕಾರಣವೆಂದು ನಾವು ಭಾವಿಸುತ್ತೇವೆ.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಪಿಯರ್ಸನ್, ಫುಲ್ಲರ್, ಚಾಪಿನ್ ಎಂಬ ಮೂವರಿಗೆ ಮೊದಲೇ ಈ ತೊಡಕು ಎದುರಾಯಿತು. ಸಿಲಿಕಾನಿನ ಮೇಲ್ಪದರಕ್ಕೆ ಸೇರಿಸಿದ ಲಿಥಿಯಮ್ ಸಾಧಾರಣ ಉಷ್ಣತೆಯಲ್ಲಿಯೇ ಒಳಕ್ಕಿಳಿಯುತ್ತ ಹೋಯಿತು. ಒಳ್ಳೆಯ ವಿದ್ಯುತ್ಸಂಪರ್ಕವೂ ಕೂಡಿಬರಲಿಲ್ಲ. ಫುಲ್ಲರನು ಲಿಥಿಯಮ್ಮನ್ನು ಬಿಟ್ಟು ಬೋರಾನನ್ನು ಬಳಸಿದ ಮೇಲೆ ಈ ದೋಷಗಳು ನೀಗಿದವು. 1954ರ ಏಪ್ರಿಲಿನಲ್ಲಿ ಪ್ರದರ್ಶಿತವಾದ ಕೋಶವು ಬಿಸಿಲಿನ ಶಕ್ತಿಯಲ್ಲಿ ನೂರಕ್ಕೆ ಸುಮಾರು 6 ಪಾಲನ್ನು ವಿದ್ಯುತ್ತಾಗಿಸಿತು.

ಇಲ್ಲೊಂದು ವಿರೋಧವಿದೆ. ಲೋಹವು ಬೆಳಕಿಗೆ ಅಡ್ಡ. ಗೆರೆ ಅಗಲವಾದರೆ ನೆರಳು ಹೆಚ್ಚುತ್ತದೆ. ಕಿರಿದಾದರೆ ವಿದ್ಯುತ್ತಿಗೆ ತಡೆ ಹೆಚ್ಚುತ್ತದೆ. 1959ರಲ್ಲಿ ಹಾಫ್‌ಮನ್ ಸಂಸ್ಥೆಯವರು ಬಳಕೆಗೆ ತಂದ ಗೆರೆಜಾಲವು ಈ ಎರಡರ ನಡುವಣ ಒಪ್ಪಂದವೆನ್ನಬಹುದು. ಉಪಗ್ರಹಗಳ ಕೋಶಗಳಿಗೆ ಟೈಟಾನಿಯಮ್ ಮತ್ತು ಬೆಳ್ಳಿಯನ್ನು ನಿರ್ವಾತದಲ್ಲಿ ಆವಿಯಾಗಿಸಿ ಲೇಪಿಸುತ್ತಿದ್ದರು. ತೇವಕ್ಕೆ ಆ ಲೇಪವು ಕೆಡುವುದೆಂದು ತಿಳಿದಮೇಲೆ ನಡುವೆ ಪಲ್ಲೇಡಿಯಮ್ಮನ್ನೂ ಇಟ್ಟರು. ಆಕಾಶಯಾನದ ವೆಚ್ಚದ ಮುಂದೆ ಈ ವೆಚ್ಚ ಯಾರಿಗೂ ಹೊರೆಯೆನಿಸಲಿಲ್ಲ.

1973ರ ತೈಲದ ಬಿಕ್ಕಟ್ಟಿನ ತರುವಾಯ ಸ್ಥಿತಿ ಬದಲಾಯಿತು. ಆ ದಶಕದಲ್ಲಿ ಬಟ್ಟೆಯ ಮೇಲೆ ಚಿತ್ರ ಅಚ್ಚೊತ್ತುವ ಜಾಲರಿಯ ವಿಧಾನವೇ ಸೌರಕೋಶಕ್ಕೂ ಬಂದಿತು. ಬೆಳ್ಳಿಯ ಪುಡಿ, ಗಾಜಿನ ಪುಡಿ ಮತ್ತು ಸಾವಯವ ದ್ರವವನ್ನು ಕಲಸಿದ ಸರಿಯನ್ನು ಜಾಲರಿಯ ಮೂಲಕ ಒತ್ತಿ, ಒಣಗಿಸಿ, ಕುಲುಮೆಯಲ್ಲಿ ಕಾಯಿಸುವುದು ಇದರ ಕ್ರಮ. ಮುಂದೆ ಸಿಲಿಕಾನ್ ನೈಟ್ರೈಡಿನ ಹೊದಿಕೆ ಬಂದಾಗ, ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿದ ಗಾಜೇ ಆ ಹೊದಿಕೆಯನ್ನು ಕೊರೆದು ಬೆಳ್ಳಿಗೆ ದಾರಿಮಾಡಿಕೊಟ್ಟಿತು. ಅಚ್ಚಿನ ಗೆರೆಯು ನಿರ್ವಾತಲೇಪಕ್ಕಿಂತ ಒರಟು. ಅದರ ಸಂಪರ್ಕವೂ ಕೀಳು. ಆದರೂ ಅದೇ ಗೆದ್ದಿತು. ಚರಿತ್ರೆಯು ಯಾವಾಗಲೂ ಉತ್ತಮವಾದುದನ್ನೇ ಆರಿಸುತ್ತದೆಂದು ನಂಬುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

1980ರ ದಶಕದಲ್ಲಿ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾನಿಲಯದ ಗ್ರೀನ್ ಮತ್ತು ವೆನ್‌ಹ್ಯಾಮ್ ಎಂಬುವರು ಲೇಸರಿನಿಂದ ಸಣ್ಣ ಕಾಲುವೆಗಳನ್ನು ಕೊರೆದು, ಅವುಗಳಲ್ಲಿ ನಿಕ್ಕಲನ್ನೂ ತಾಮ್ರವನ್ನೂ ತುಂಬಿದರು. ತಾಮ್ರ ಅಗ್ಗ, ಸಿಲಿಕಾನಿನೊಳಕ್ಕೆ ಹೊಕ್ಕರೆ ಮಾತ್ರ ಕೋಶವನ್ನೇ ಕೆಡಿಸುವಂಥದು. ಅದನ್ನು ತಡೆಯಲೆಂದೇ ನಿಕ್ಕಲು. ನೆರಳು ಕಡಮೆಯಾಯಿತು, ಕೆಲಸದ ಹಂತಗಳು ಹೆಚ್ಚಿದವು. ಈ ಬಗೆಯ ಕೋಶಗಳನ್ನು ಬಿ.ಪಿ. ಸಂಸ್ಥೆಯವರು ಸ್ಪೇನಿನಲ್ಲಿ ತಯಾರಿಸಿದರಾದರೂ ಅಚ್ಚಿನ ಬೆಳ್ಳಿಯನ್ನು ಅವು ಪದಚ್ಯುತಗೊಳಿಸಲಿಲ್ಲ. ಇಂದು ಗೆರೆಗಳು ಕೂದಲೆಳೆಗಿಂತ ಕಿರಿದಾಗಿವೆ. ಆದರೆ ಹೆಚ್ಚಿನ ಕಾರ್ಖಾನೆಗಳಲ್ಲಿ ಅವುಗಳನ್ನು ಇನ್ನೂ ಬೆಳ್ಳಿಯಲ್ಲೇ ಒತ್ತುತ್ತಾರೆ.