ಕಲ್ಲುಗಣಿಯಲ್ಲಿ ಕಲಿತ ಪಾಠ

ಇತಿಹಾಸದ ಮೇಷ್ಟರಾದ ನಾವು ಯುದ್ಧದಲ್ಲಿ ಹಾಳಾದದ್ದರ ಲೆಕ್ಕವನ್ನು ಚೆನ್ನಾಗಿಯೇ ಒಪ್ಪಿಸುತ್ತೇವೆ. ಆದರೆ ಲಂಡನ್ನಿನ ಎರಡು ಸಂಗ್ರಹಾಲಯಗಳು ಬಾಂಬಿಗೆ ಹೆದರಿ ತಮ್ಮ ಆಸ್ತಿಯನ್ನು ಬಚ್ಚಿಟ್ಟು, ಬಚ್ಚಿಟ್ಟ ಜಾಗದಿಂದಲೇ ಹೊಸ ಪಾಠ ಕಲಿತ ಕಥೆ ನಾನು ಕಲಿಸಿದ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ.

ಮೊದಲನೆಯದು ಬ್ರಿಟಿಷ್ ಮ್ಯೂಸಿಯಂ. 1918ರಲ್ಲಿ ಅಲ್ಲಿನ ಅನೇಕ ಪ್ರಾಚೀನ ವಸ್ತುಗಳನ್ನು ನೆಲದಡಿಯ ಅಂಚೆ ರೈಲಿನ ಸುರಂಗಕ್ಕೆ ಇಳಿಸಿದರು. ಬಾಂಬು ಮುಟ್ಟಲಿಲ್ಲ, ತೇವ ಮುಟ್ಟಿತು. ಯುದ್ಧ ಮುಗಿದು ಹೊರತೆಗೆದಾಗ ಕಬ್ಬಿಣಕ್ಕೆ ತುಕ್ಕು, ಕಂಚಿಗೆ ಹಸಿರು ಕಿಲುಬು, ಕಲ್ಲು ಮಡಕೆಗಳ ಮೈಮೇಲೆ ಉಪ್ಪಿನ ಹರಳು! ಗಾಬರಿಯಾದ ಅಧಿಕಾರಿಗಳು ಅಲೆಕ್ಸಾಂಡರ್ ಸ್ಕಾಟ್ ಎಂಬ ರಸಾಯನಶಾಸ್ತ್ರಜ್ಞರನ್ನು ಕರೆಸಿದರು. 1920ರಲ್ಲಿ ಮ್ಯೂಸಿಯಮ್ಮಿಗೆ ತನ್ನದೇ ಪ್ರಯೋಗಾಲಯ ಬಂತು. 1924ರಲ್ಲಿ ಹೆರಾಲ್ಡ್ ಪ್ಲೆಂಡರ್‌ಲೀತ್ ಎಂಬ ತರುಣ ಅಲ್ಲಿಗೆ ಸೇರಿದರು.

ಎರಡನೆಯ ಕಥೆ ಇದಕ್ಕೆ ತದ್ವಿರುದ್ಧ. ಎರಡನೆಯ ಮಹಾಯುದ್ಧದಲ್ಲಿ ನ್ಯಾಷನಲ್ ಗ್ಯಾಲರಿಯ ಚಿತ್ರಗಳನ್ನು ಕೆನಡಾಕ್ಕೆ ಕಳಿಸುವ ಮಾತು ಬಂದಿತ್ತು. ಚರ್ಚಿಲ್ ಒಪ್ಪಲಿಲ್ಲ. ಕೊನೆಗೆ 1941ರಲ್ಲಿ ವೇಲ್ಸಿನ ಮಾನೋಡ್ ಬೆಟ್ಟದ ಸ್ಲೇಟುಗಲ್ಲಿನ ಗಣಿಯೊಳಗೆ ಇಟ್ಟಿಗೆಯ ಕೋಣೆಗಳನ್ನು ಕಟ್ಟಿ ಚಿತ್ರಗಳನ್ನು ಸಾಗಿಸಿದರು. ಕುದುರೆಯ ಮೇಲೆ ಕುಳಿತ ಮೊದಲನೆಯ ಚಾರ್ಲ್ಸ್ ದೊರೆಯ ಚಿತ್ರ ಎಷ್ಟು ದೊಡ್ಡದೆಂದರೆ, ಅದು ಹಾದುಹೋಗಲೆಂದು ಒಂದು ಸೇತುವೆಯ ಕೆಳಗಿನ ರಸ್ತೆಯನ್ನೇ ಅಗೆದು ತಗ್ಗಿಸಬೇಕಾಯಿತು. ಬದುಕಿದ್ದಾಗ ತಲೆ ಕಳೆದುಕೊಂಡ ದೊರೆ, ಚಿತ್ರದಲ್ಲಿ ತಲೆ ತಗಲದಂತೆ ಪಾರಾದ.

ಗಣಿಯ ಗಾಳಿ ಚಳಿಯದು, ತೇವದ್ದು. ಅದನ್ನು ಬಿಸಿ ಮಾಡಿದರೆ ತೇವಾಂಶದ ಪ್ರಮಾಣ ತಾನಾಗಿ ಇಳಿಯುತ್ತದೆ. ಹಾಗೆ 17 ಡಿಗ್ರಿ ಸೆಲ್ಸಿಯಸ್ ಶಾಖ, ಶೇಕಡಾ 42ರಷ್ಟು ಸಾಪೇಕ್ಷ ತೇವಾಂಶವನ್ನು ಹಗಲಿರುಳೂ ಒಂದೇ ಸಮನೆ ಕಾಯ್ದುಕೊಂಡರು. ಆಗ ನಡೆದದ್ದು ಸೋಜಿಗ. ಬಣ್ಣ ಚಕ್ಕೆಯೇಳುವುದು ಬಹುಮಟ್ಟಿಗೆ ನಿಂತೇಹೋಯಿತು; ದುರಸ್ತಿಗಾರರಿಗೆ ಕೆಲಸ ಕಡಿಮೆಯಾಯಿತು. 1945ರಲ್ಲಿ ಚಿತ್ರಗಳು ಲಂಡನ್ನಿಗೆ ಮರಳಿದವು, ಚಕ್ಕೆಯೇಳುವುದೂ ಮರಳಿತು.

ನಮ್ಮ ಆಷಾಢದಲ್ಲಿ ಬಾಗಿಲು ಹಿಗ್ಗಿ ಚೌಕಟ್ಟಿಗೆ ಕಚ್ಚಿಕೊಳ್ಳುವುದನ್ನೂ, ಬೇಸಿಗೆಯಲ್ಲಿ ಅದೇ ಬಾಗಿಲು ಸಂದುಬಿಡುವುದನ್ನೂ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮರದ ಹಲಗೆ ಹಿಗ್ಗಿ ಕುಗ್ಗುತ್ತದೆ. ಅದರ ಮೇಲಿನ ಹಳೆಯ ಬಣ್ಣಕ್ಕೆ ಅಷ್ಟು ಬಗ್ಗುವ ಶಕ್ತಿಯಿಲ್ಲ, ಬಿರಿಯುತ್ತದೆ. ಆದ್ದರಿಂದ ರೋಗ ಚಿತ್ರದಲ್ಲಿರಲಿಲ್ಲ, ಕೋಣೆಯಲ್ಲಿತ್ತು. ಒಂದೊಂದು ಚಿತ್ರಕ್ಕೂ ಮದ್ದು ಮಾಡುವುದಕ್ಕಿಂತ ಕೋಣೆಯನ್ನು ಸರಿಪಡಿಸುವುದು ಲೇಸೆಂದು ತಿಳಿಯಲು ಗಣಿಗೇ ಹೋಗಬೇಕಾಯಿತು.

ಪ್ರಯೋಗಾಲಯದ ಆ ತರುಣ ಏನಾದರು? ಸಾಂಸ್ಕೃತಿಕ ಆಸ್ತಿಯ ರಕ್ಷಣೆಗೆ ಒಂದು ಅಂತರರಾಷ್ಟ್ರೀಯ ಕೇಂದ್ರ ಬೇಕೆಂದು ಯುನೆಸ್ಕೋ 1956ರಲ್ಲಿ ನಿರ್ಧರಿಸಿದ್ದು ನಮ್ಮ ಹೊಸದಿಲ್ಲಿಯ ಅಧಿವೇಶನದಲ್ಲಿಯೇ. 1959ರಲ್ಲಿ ರೋಮಿನಲ್ಲಿ ಆ ಕೇಂದ್ರ ಶುರುವಾದಾಗ ಪ್ಲೆಂಡರ್‌ಲೀತ್ ಅದರ ಮೊದಲ ನಿರ್ದೇಶಕರಾದರು. ಹಾನಿಯಾಗುವ ಮುಂಚೆಯೇ ತಡೆಯುವ ವಿದ್ಯೆಯನ್ನು ಮುಂದೆ 1970ರ ದಶಕದಲ್ಲಿ ಅಲ್ಲಿಂದ ದೇಶದೇಶಗಳ ಸಂಗ್ರಹಾಲಯದವರಿಗೆ ಕಲಿಸತೊಡಗಿದರು.

1978ರಲ್ಲಿ ನ್ಯಾಷನಲ್ ಗ್ಯಾಲರಿಯ ಗ್ಯಾರಿ ಥಾಮ್ಸನ್ ಸಂಗ್ರಹಾಲಯದ ಪರಿಸರದ ಬಗ್ಗೆ ಒಂದು ಪುಸ್ತಕ ಬರೆದರು. ಜಲವರ್ಣಕ್ಕೆ 50 ಲಕ್ಸ್ ಬೆಳಕು, ತೈಲವರ್ಣಕ್ಕೆ 200, ತೇವಾಂಶ ಇಷ್ಟು ಎಂಬ ಅವರ ಅಂಕಿಗಳು ವೇದವಾಕ್ಯವಾದವು. ನನಗೆ ಮೆಚ್ಚಿಗೆಯಾದದ್ದು ಬೇರೆ: ತೇವಾಂಶ ಅತ್ತಿತ್ತ ಎಷ್ಟು ಹೊಯ್ದಾಡಬಹುದೆಂಬ ಮಿತಿ, ಚಿತ್ರಕ್ಕಾಗುವ ಹಾನಿಯ ಖಚಿತ ತಿಳಿವಿಗಿಂತ ಯಂತ್ರದಿಂದ ಎಷ್ಟನ್ನು ಅಪೇಕ್ಷಿಸಬಹುದೆಂಬುದರ ಮೇಲೆ ನಿಂತಿದೆ ಎಂದು ಅವರೇ ಒಪ್ಪಿಕೊಂಡಿದ್ದರು. ತೇವದ ಉಷ್ಣವಲಯದ ಮಿಶ್ರ ಸಂಗ್ರಹಗಳಿಗೆ ಶೇಕಡಾ 65 ಆದರೂ ನಡೆದೀತು, ಗಾಳಿಯಾಡುವಂತಿರಲಿ, ಆದರೆ ಕಬ್ಬಿಣದ ವಿಷಯದಲ್ಲಿ ಎಚ್ಚರ ಎಂದೂ ಬರೆದಿದ್ದರು. ಅಂಕಿಯನ್ನು ನಕಲು ಮಾಡಿಕೊಂಡವರಲ್ಲಿ ಎಷ್ಟು ಮಂದಿ ಈ ಸಾಲುಗಳನ್ನೂ ಓದಿದ್ದರೋ!