ಮುಂಭಾಗದ ಕಾಯಿಲ್ ಸ್ಪ್ರಿಂಗ್ ಬದಲಾವಣೆ

ಫೋರ್ ವ್ಹೀಲ್ ಡ್ರೈವ್ ಗಾಡಿಯ ಮುಂದಿನ ಭಾರವನ್ನು ಚಕ್ರಗಳ ಮೇಲೆ ಹೊತ್ತು ನಿಂತಿರುವ ಉಕ್ಕಿನ ಸುರುಳಿಗಳನ್ನು ತೆಗೆದು ಹೊಸವನ್ನು ಕೂರಿಸುವ ಕೆಲಸ. ಗಾಡಿಯ ಮೂತಿ ತಗ್ಗಿದಾಗ, ಸುರುಳಿ ತುಂಡಾದಾಗ, ಇಲ್ಲವೇ ವಿಂಚ್‌ನಂಥ ಹೆಚ್ಚಿನ ಭಾರ ಮುಂದೆ ಸೇರಿದಾಗ ಇದರ ಅಗತ್ಯ ಬೀಳುತ್ತದೆ. ಮನೆಯಲ್ಲೇ ಮಾಡಿಕೊಳ್ಳಬಹುದೇ ಎಂಬುದನ್ನು ಮಾಡುವವನ ಕೈಚಳಕಕ್ಕಿಂತ ಹೆಚ್ಚಾಗಿ ಗಾಡಿಯ ರಚನೆಯೇ ನಿರ್ಧರಿಸುತ್ತದೆ. ಎರಡು ಚಕ್ರಗಳನ್ನೂ ಜೋಡಿಸುವ ಇಡೀ ಆಕ್ಸಲ್ ಇದ್ದರೆ ಇದು ಅಂಗಳದಲ್ಲಿ ಮುಗಿಯುವ ಕೆಲಸ. ಶಾಕ್ ಅಬ್ಸಾರ್ಬರಿನ ಮೈಮೇಲೇ ಸ್ಪ್ರಿಂಗ್ ಏರಿಸಿರುವ ಗಾಡಿಯಲ್ಲಿ ಅರ್ಧ ಕೆಲಸವನ್ನಷ್ಟೇ ಮನೆಯಲ್ಲಿ ಮಾಡುವುದು ಲೇಸು.

ಹಿನ್ನೆಲೆ

ಈ ಲೇಖನದ ಹಿನ್ನೆಲೆ ಹಳೇಬೀಡಿಗೆ ಹೊಂದಿಕೊಂಡ ಬಸ್ತಿಹಳ್ಳಿಯ ಸೀಮೆ. ಬಯಲುಸೀಮೆ ಮುಗಿದು ಮಲೆನಾಡು ಶುರುವಾಗುವ ಅಂಚು. ಮೂಡಣಕ್ಕೆ ಅರಸೀಕೆರೆಯ ತೆಂಗಿನ ಸೀಮೆ. ಪಡುವಣಕ್ಕೆ ಬೇಲೂರು ದಾಟಿದರೆ ಮೂಡಿಗೆರೆ, ಸಕಲೇಶಪುರಗಳ ಕಾಫಿ ತೋಟಗಳು. ಈ ಸೀಮೆಯಲ್ಲಿ ಫೋರ್ ವ್ಹೀಲ್ ಡ್ರೈವ್ ಶೋಕಿಗಾಗಿ ಬಂದದ್ದಲ್ಲ. ಮಳೆಗಾಲದಲ್ಲಿ ತೋಟದ ಕೆಸರುದಾರಿ ಹತ್ತಲು ಬೇರೆ ಉಪಾಯವಿರಲಿಲ್ಲ.

ದಶಕಗಳ ಕಾಲ ಆ ಕೆಲಸ ಮಾಡಿದ ಮಹೀಂದ್ರಾ ಜೀಪಿಗೂ 1985ರಲ್ಲಿ ಬಂದ ಮಾರುತಿ ಜಿಪ್ಸಿಗೂ ಮುಂದೆ ಹಿಂದೆ ಎರಡೂ ಕಡೆ ಲೀಫ್ ಸ್ಪ್ರಿಂಗ್. ಒಂದು ಪಟ್ಟಿ ಮುರಿದರೆ ಅದೊಂದನ್ನೇ ಬದಲಿಸಿ, ಬಾಗಿದ್ದನ್ನು ಬಡಿದು ಏರಿಸಿ, ಮತ್ತೆ ಕಟ್ಟಿಕೊಡುವ ವಿದ್ಯೆ ಸಣ್ಣ ಊರಿನ ಗ್ಯಾರೇಜಿಗೂ ಕರಗತವಾಗಿತ್ತು. ಒರಟು ದಾರಿಯ ಗಾಡಿಗೆ ನಾಲ್ಕೂ ಚಕ್ರಕ್ಕೆ ಕಾಯಿಲ್ ಹಾಕಬಹುದೆಂದು ಲೋಕಕ್ಕೆ ಒಪ್ಪಿಸಿದ್ದರಲ್ಲಿ 1970ರ ರೇಂಜ್ ರೋವರ್‌ನದು ದೊಡ್ಡ ಪಾಲು. ನಮ್ಮಲ್ಲಿ ಈ ಬದಲಾವಣೆ ತಡವಾಗಿ ಬಂತು. 2020ರ ಥಾರ್ ಮತ್ತು 2021ರ ಫೋರ್ಸ್ ಗೂರ್ಖಾಗಳ ಮುಂದೆ ಎರಡು ಚಕ್ರ ಬೇರೆಬೇರೆಯಾಗಿ ಏರಿಳಿಯುವ ಡಬಲ್ ವಿಷ್‌ಬೋನ್ ರಚನೆಯಿದೆ. 2023ರಲ್ಲಿ ಮಾರಾಟಕ್ಕೆ ಬಂದ ಜಿಮ್ನಿಗೆ ಇಡೀ ಆಕ್ಸಲ್ ಉಳಿದಿದೆ, ಅದರ ಮೇಲೆ ಕಾಯಿಲ್ ಕೂತಿದೆ. 2010ರ ಹಳೆಯ ಥಾರ್‌ನ ಮುಂದೆ ಕಾಯಿಲ್ಲೇ ಇಲ್ಲ, ತಿರುಚಿಕೊಂಡು ಭಾರ ಹೊರುವ ಟಾರ್ಶನ್ ಬಾರ್ ಇದೆ. ಅಂಥ ಗಾಡಿಗೆ ಈ ಲೇಖನ ಅನ್ವಯಿಸದು.

ಜಗ್ಗುವುದು ಏನು?

'ಸ್ಪ್ರಿಂಗ್ ಮೆತ್ತಗಾಗಿದೆ' ಎಂಬ ಗ್ಯಾರೇಜಿನ ಮಾತು ಪೂರ್ತಿ ಸರಿಯಲ್ಲ. ಸುರುಳಿಯ ಬಿಗಿ ನಾಲ್ಕು ಸಂಗತಿಗಳ ಮೇಲೆ ನಿಂತಿದೆ: ಉಕ್ಕಿನ ಗುಣ, ಸರಳಿನ ದಪ್ಪ, ಸುರುಳಿಯ ಅಗಲ, ಸುತ್ತುಗಳ ಸಂಖ್ಯೆ. ವರ್ಷ ಕಳೆದಂತೆ ಇವು ಹೇಳಿಕೊಳ್ಳುವಷ್ಟು ಬದಲಾಗುವುದಿಲ್ಲ. ಕುಗ್ಗುವುದು ಭಾರವಿಲ್ಲದಾಗಿನ ಉದ್ದ. ಹಂಪು, ಗುಂಡಿಗಳ ಹೊಡೆತ ಮತ್ತು ಬಿಡದೆ ಹೊತ್ತ ಭಾರದಿಂದ ಉಕ್ಕು ಸ್ವಲ್ಪಸ್ವಲ್ಪವೇ ಕಾಯಂ ಆಗಿ ಜಗ್ಗುತ್ತದೆ. ಬಿಗಿ ಹಾಗೇ ಇದ್ದು ಎತ್ತರ ಇಳಿದಾಗ ಆಕ್ಸಲಿಗೂ ರಬ್ಬರಿನ ಬಂಪ್ ಸ್ಟಾಪಿಗೂ ನಡುವಿನ ಜಾಗ ಕಡಿಮೆಯಾಗುತ್ತದೆ. ಹಂಪು ಇಳಿದಾಗ ಕೇಳುವ 'ಢಬ್' ಸದ್ದು ಅಲ್ಲಿಯದು.

ಆದ್ದರಿಂದ ಕೊಳ್ಳುವ ಮೊದಲು ಅಳೆಯಬೇಕು. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಟೈರಿನ ಗಾಳಿ ಸರಿಮಾಡಿ, ಚಕ್ರದ ನಡುಬಿಂದುವಿನಿಂದ ನೇರ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಎರಡೂ ಬದಿ ಟೇಪು ಹಿಡಿಯುವುದು ರೂಢಿ. ನೆಲದಿಂದ ಅಳೆದರೆ ಟೈರಿನ ಸವೆತವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಎತ್ತರ ಸರಿಯಿದ್ದೂ ಗಾಡಿ ತೂಗಾಡುತ್ತಿದ್ದರೆ ದೋಷ ಶಾಕ್ ಅಬ್ಸಾರ್ಬರಿನದು. ಹೊಸ ಸ್ಪ್ರಿಂಗ್ ಹಾಕಿ ಫಲವಿಲ್ಲ.

ಸರಳಿನ ದಪ್ಪದ ಪ್ರಭಾವ ಎಷ್ಟು ದೊಡ್ಡದೆಂದರೆ, ಬಿಗಿ ಅದರ ನಾಲ್ಕನೇ ಘಾತಕ್ಕೆ ತಕ್ಕಂತೆ ಬದಲಾಗುತ್ತದೆ. ದಪ್ಪ ಶೇ. 10 ಕಡಿಮೆಯಾದರೆ ಬಿಗಿ ಸುಮಾರು ಶೇ. 34 ಇಳಿಯುತ್ತದೆ. ನೋಡಲು ಒಂದೇ ಥರ ಕಾಣುವ ಅಗ್ಗದ ಸ್ಪ್ರಿಂಗ್ ಬೇರೆಯೇ ಆಗಿ ನಡೆದುಕೊಳ್ಳಲು ಇದೊಂದು ಕಾರಣ ಸಾಕು. ಎತ್ತರ ತಗ್ಗಿಸಲು ಒಂದು ಸುತ್ತು ಕತ್ತರಿಸುವವರಿದ್ದಾರೆ. ಸುತ್ತು ಕಡಿಮೆಯಾದಷ್ಟು ಸ್ಪ್ರಿಂಗ್ ಗಡಸಾಗುತ್ತದೆ. ಗ್ಯಾಸ್ ಕಟರಿನ ಕಾವಿಗೆ ಉಕ್ಕಿನ ಹದವೂ ಕೆಡುತ್ತದೆ.

ಮಲೆನಾಡಿನ ಅಂಚಿನಲ್ಲಿ ಜಗ್ಗುವುದಕ್ಕಿಂತ ಮುರಿಯುವುದರ ಭಯ ಹೆಚ್ಚಿರಬೇಕು. ಕಾರ್ಖಾನೆಯಲ್ಲಿ ಸ್ಪ್ರಿಂಗಿನ ಮೈಮೇಲೆ ಸಣ್ಣ ಉಕ್ಕಿನ ಗುಂಡುಗಳನ್ನು ರಭಸದಿಂದ ಸುರಿದು ಹೊರಪದರವನ್ನು ಬಿರುಕಿಗೆ ಎಡೆಕೊಡದಂತೆ ಅದುಮಿರುತ್ತಾರೆ. ಅದರ ಮೇಲೆ ಬಣ್ಣದ ಲೇಪ. ಕೆಳಗಿನ ಸುತ್ತು ಕೂರುವ ಬಟ್ಟಲಿನಲ್ಲಿ ಕೆಸರು ನಿಂತು, ಕಲ್ಲು ತಗುಲಿ ಬಣ್ಣ ಎದ್ದಲ್ಲಿ ತುಕ್ಕು ಹಿಡಿಯುತ್ತದೆ. ತುಕ್ಕಿನ ಸಣ್ಣ ಕುಳಿಯಿಂದ ಬಿರುಕು ಶುರುವಾಗುತ್ತದೆ. ಹೊಸ ಸ್ಪ್ರಿಂಗನ್ನು ಉಳಿಯಿಂದ ಮೀಟುವುದು, ಪೈಪ್ ಪಾನಾದಿಂದ ಹಿಡಿದು ತಿರುಗಿಸುವುದು ಈ ಕಾರಣಕ್ಕೇ ನಿಷಿದ್ಧ.

ಇಡೀ ಆಕ್ಸಲಿನ ಗಾಡಿಯಲ್ಲಿ

ಮೊದಲ ಪ್ರಶ್ನೆ ನೆಲದ್ದು. ಮಳೆ ಕುಡಿದ ಮಣ್ಣಿನ ಅಂಗಳದಲ್ಲಿ ಜಾಕಿಯ ಪಾದ ನಿಧಾನವಾಗಿ ಹೂತು ಓರೆಯಾಗುತ್ತದೆ. ಕಾಫಿ ಒಣಗಿಸುವ ಸಿಮೆಂಟಿನ ಕಣ ಇದ್ದವರಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಕೊಯ್ಲಿನ ಹೊತ್ತನ್ನು ಬಿಟ್ಟರೆ ಅದು ಖಾಲಿಯೇ ಇರುತ್ತದೆ. ಕಣವಿಲ್ಲದವರು ಜಾಕಿ ಮತ್ತು ಸ್ಟ್ಯಾಂಡುಗಳ ಕೆಳಗೆ ಅಗಲವಾದ ದಪ್ಪ ಹಲಗೆ ಹಾಸಬೇಕು. ಕಲ್ಲಿನ ಚಪ್ಪಡಿ, ಇಟ್ಟಿಗೆ, ಸಿಮೆಂಟ್ ಬ್ಲಾಕ್‌ಗಳು ಭಾರಕ್ಕೆ ಹಠಾತ್ತನೆ ಸೀಳಿಬಿಡುವುದರಿಂದ ಅವನ್ನು ನಂಬುವಂತಿಲ್ಲ.

ಗಾಡಿ ನೆಲದ ಮೇಲಿರುವಾಗಲೇ ಮುಂದಿನ ಚಕ್ರಗಳ ನಟ್ಟುಗಳನ್ನು ಸ್ವಲ್ಪ ಸಡಿಲಿಸಿಕೊಳ್ಳಬೇಕು. ಹಿಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಮರದ ಅಡ್ಡೆ ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಮುಂಭಾಗವನ್ನು ಎತ್ತಿ ಛಾಸಿಯ ಕೆಳಗೆ ಎರಡು ಸ್ಟ್ಯಾಂಡ್ ನಿಲ್ಲಿಸಬೇಕು. ಜಾಕಿ ಇರುವುದು ಎತ್ತಲು, ಹೊರಲು ಅಲ್ಲ. ಜಾಕಿಯೊಂದರ ಮೇಲೆಯೇ ನಿಂತ ಗಾಡಿಯ ಕೆಳಗೆ ಕೈ ಹಾಕಲೇಬಾರದು. ಸ್ಟ್ಯಾಂಡ್ ಛಾಸಿಗೆ ಬರಬೇಕೇ ಹೊರತು ಆಕ್ಸಲಿಗಲ್ಲ, ಏಕೆಂದರೆ ಮುಂದೆ ಆಕ್ಸಲನ್ನೇ ಕೆಳಗಿಳಿಸಬೇಕಿದೆ; ಅದಕ್ಕೆ ಇನ್ನೊಂದು ಜಾಕಿ ಬೇಕು.

ಚಕ್ರ ಕಳಚಿದ ಮೇಲೆ ಆಕ್ಸಲನ್ನು ಮೇಲೆ ಹಿಡಿದಿಟ್ಟಿರುವ ಕೊಂಡಿಗಳನ್ನು ಒಂದೊಂದಾಗಿ ಬಿಡಿಸಲಾಗುತ್ತದೆ: ಸ್ಟೆಬಿಲೈಸರ್ ಬಾರಿನ ಲಿಂಕು, ಶಾಕ್ ಅಬ್ಸಾರ್ಬರಿನ ಕೆಳಬೋಲ್ಟು, ಆಕ್ಸಲ್ ಪಕ್ಕಕ್ಕೆ ಸರಿಯದಂತೆ ತಡೆಯುವ ಲ್ಯಾಟರಲ್ ರಾಡಿನ ಒಂದು ತುದಿ. ಬ್ರೇಕ್ ಹೋಸ್, ಎಬಿಎಸ್ ಸೆನ್ಸರಿನ ವೈರು, ಆಕ್ಸಲಿನ ಗಾಳಿಕೊಳವೆಗಳನ್ನು ಹಿಡಿದಿರುವ ಕ್ಲಿಪ್ಪುಗಳನ್ನೂ ಬಿಡಿಸಬೇಕು. ಅನುಭವಿಗಳೂ ಮರೆಯುವುದು ಇದನ್ನೇ. ಆಕ್ಸಲ್ ಇಳಿದಂತೆ ಹೋಸ್ ಬಿಗಿದು ಒಳಗೇ ಹರಿದರೆ ಹೊರಗೆ ಏನೂ ಕಾಣುವುದಿಲ್ಲ. ಬ್ರೇಕು ಬೇಕಾದ ದಿನ ತಿಳಿಯುತ್ತದೆ.

ಆಮೇಲೆ ಜಾಕಿಯನ್ನು ನಿಧಾನವಾಗಿ ಇಳಿಸುತ್ತ ಹೋದರೆ ಸ್ಪ್ರಿಂಗ್ ತಾನಾಗಿಯೇ ಸಡಿಲವಾಗುತ್ತದೆ. ಹಲವು ಗಾಡಿಗಳಲ್ಲಿ ಸ್ಪ್ರಿಂಗನ್ನು ಒತ್ತಿಹಿಡಿಯುವ ಕಂಪ್ರೆಸರ್ ಇಲ್ಲದೆಯೇ ಕೈಯಲ್ಲಿ ಎತ್ತಿ ತೆಗೆಯಬಹುದು. ಬಟ್ಟಲು ತೊಳೆದು, ತುಕ್ಕು ಉಜ್ಜಿ, ಮೇಲಿನ ರಬ್ಬರ್ ಸೀಟು ಬಿರುಕು ಬಿಟ್ಟಿದ್ದರೆ ಬದಲಿಸಿ, ಹೊಸ ಸ್ಪ್ರಿಂಗಿನ ತುದಿ ಬಟ್ಟಲಿನ ತಡೆಗೆ ತಾಗುವಂತೆ ಕೂರಿಸಬೇಕು. ಕೆಲವು ಮಾದರಿಗಳಲ್ಲಿ ಎಡಬಲದ ಸ್ಪ್ರಿಂಗುಗಳು ಬೇರೆ. ಮೈಮೇಲಿನ ಬಣ್ಣದ ಗೆರೆ ನೋಡಿ ಗುರುತಿಸಬೇಕು. ಒಂದೇ ಬದಿ ಮುರಿದಿದ್ದರೂ ಜೋಡಿಯನ್ನೇ ಬದಲಿಸುವುದು ಕ್ರಮ.

ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ಗಾಡಿ ಎತ್ತಿರುವಾಗ ಪೂರ್ತಿ ಬಿಗಿಯಬಾರದು. ಹಾಗೆ ಬಿಗಿದರೆ ಆಕ್ಸಲ್ ಜೋತುಬಿದ್ದ ಸ್ಥಿತಿಯಲ್ಲೇ ಬುಷ್ ಕಚ್ಚಿಕೊಂಡು, ಗಾಡಿ ಕೆಳಗಿಳಿದ ಕ್ಷಣದಿಂದ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಭಾರ ಚಕ್ರದ ಮೇಲೆ ಕೂತ ನಂತರ, ಆಯಾ ಗಾಡಿಯ ಕೈಪಿಡಿ ಹೇಳುವ ಅಳತೆಗೆ ಟಾರ್ಕ್ ರೆಂಚಿನಿಂದ ಬಿಗಿಯಬೇಕು.

ಡಬಲ್ ವಿಷ್‌ಬೋನ್ ಗಾಡಿಯಲ್ಲಿ

ಥಾರ್, ಗೂರ್ಖಾಗಳಂಥ ಗಾಡಿಗಳಲ್ಲಿ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಜೋಡಣೆ. ಇಡೀ ಜೋಡಣೆಯನ್ನು ಹೊರತೆಗೆಯುವುದು ಕಷ್ಟವಲ್ಲ. ಅಪಾಯವಿರುವುದು ಅದರ ನೆತ್ತಿಯ ನಡುವಿನ ನಟ್ಟಿನಲ್ಲಿ. ಅದನ್ನು ಬಿಚ್ಚಿದರೆ ಒತ್ತಿಟ್ಟ ಸ್ಪ್ರಿಂಗ್ ಒಮ್ಮೆಗೇ ಸಿಡಿಯುತ್ತದೆ. ಪ್ರತಿ ಮಿಲಿಮೀಟರಿಗೆ 40 ನ್ಯೂಟನ್ ಬಿಗಿಯ ಸ್ಪ್ರಿಂಗನ್ನು 150 ಮಿಲಿಮೀಟರ್ ಒತ್ತಿದರೆ ಅದರೊಳಗೆ 450 ಜೂಲ್ ಶಕ್ತಿ ಕೂಡಿರುತ್ತದೆ; 50 ಕಿಲೋ ಸಿಮೆಂಟ್ ಮೂಟೆ ಸೊಂಟಮಟ್ಟದಿಂದ ಕಾಲ ಮೇಲೆ ಬೀಳುವಷ್ಟು. ಬಾಡಿಗೆಗೋ ಅಗ್ಗಕ್ಕೋ ಸಿಗುವ ಎರಡು ಕೊಕ್ಕೆಗಳ ಕಂಪ್ರೆಸರ್ ಸುರುಳಿಯ ಮೇಲೆ ಜಾರುವುದುಂಟು. ಜೋಡಣೆಯನ್ನು ಮನೆಯಲ್ಲಿ ಕಳಚಿ, ಸ್ಪ್ರಿಂಗ್ ಬಿಡಿಸಿ ಹಾಕಿಸಲು ಹೈಡ್ರಾಲಿಕ್ ಪ್ರೆಸ್ ಇರುವ ವರ್ಕ್‌ಶಾಪಿಗೆ ಒಯ್ಯುವುದೇ ವಿವೇಕ. ಇದರಲ್ಲಿ ಉಳಿಸುವ ಮಜೂರಿ ಅಪಾಯಕ್ಕೆ ಸಮನಲ್ಲ.

ಎತ್ತರಿಸುವುದು ಮತ್ತು ಕಾನೂನು

ಹಳೆಯ ಎತ್ತರಕ್ಕೆ ಮರಳಿಸುವುದು ದುರಸ್ತಿ. ಅದಕ್ಕಿಂತ ಮೇಲೇರಿಸುವುದು ಮಾರ್ಪಾಡು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನೋಂದಣಿಯಾದ ಮೂಲ ವಿವರಕ್ಕೆ ಭಿನ್ನವಾಗುವಂತೆ ಗಾಡಿಯನ್ನು ಬದಲಿಸಲು ಬಿಡುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಲಿಫ್ಟ್ ಕಿಟ್ ಮಾರುವವರು ಇದನ್ನು ಹೇಳುವುದು ಅಪರೂಪ.

ಯಂತ್ರದ ಲೆಕ್ಕವೂ ಇದೆ. ಜಿಮ್ನಿಯಂಥ ಗಾಡಿಯನ್ನು ಎತ್ತರಿಸಿದರೆ ಲ್ಯಾಟರಲ್ ರಾಡ್ ಆಕ್ಸಲನ್ನು ಪಕ್ಕಕ್ಕೆ ಎಳೆಯುತ್ತದೆ, ಸ್ಟಿಯರಿಂಗ್ ನಡುವಿನಿಂದ ಸರಿಯುತ್ತದೆ. ಆಕ್ಸಲ್ ತುಸು ಮುಂದಕ್ಕೆ ಉರುಳಿ ಕ್ಯಾಸ್ಟರ್ ಕೋನ ಕಡಿಮೆಯಾಗುವುದರಿಂದ ತಿರುವಿನ ನಂತರ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರಲು ಸೋಮಾರಿಯಾಗುತ್ತದೆ. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಇದು ಸಣ್ಣ ಸಂಗತಿಯಲ್ಲ.

ಕೆಲಸದ ನಂತರ

ಚಕ್ರದ ನಟ್ಟುಗಳನ್ನು ಎದುರುಬದುರಾಗಿ ಬಿಗಿದು, ಸ್ಟಿಯರಿಂಗನ್ನು ಎರಡೂ ಕೊನೆಗೆ ತಿರುಗಿಸಿ, ಹೋಸ್ ಎಲ್ಲೂ ಎಳೆಯದೆ ಉಜ್ಜದೆ ಇರುವುದನ್ನು ನೋಡಬೇಕು. ನೂರು ಕಿಲೋಮೀಟರಿನೊಳಗೆ ಎಲ್ಲ ಬೋಲ್ಟುಗಳಿಗೂ ಮತ್ತೆ ಪಾನಾ ಹಾಕಿ ನೋಡುವುದು ರೂಢಿ. ಒಳ್ಳೆಯ ತಯಾರಕರು ಸ್ಪ್ರಿಂಗನ್ನು ಸುತ್ತುಗಳು ಒಂದಕ್ಕೊಂದು ತಾಗುವವರೆಗೆ ಒತ್ತಿಯೇ ಕಳಿಸುವುದರಿಂದ ಆಮೇಲೆ ಎತ್ತರ ಹೆಚ್ಚು ಇಳಿಯಬಾರದು; ಮೊದಲ ಕೆಲವು ವಾರದಲ್ಲೇ ಬಹಳ ಇಳಿದರೆ ಮಾಲನ್ನು ಹಿಂದಿರುಗಿಸಲು ಅದೇ ಆಧಾರ. ವ್ಹೀಲ್ ಅಲೈನ್‌ಮೆಂಟ್ ಮಾಡಿಸುವ ದಿನವೇ ಹೆಡ್‌ಲೈಟನ್ನೂ ಸರಿಹೊಂದಿಸಬೇಕು. ತಗ್ಗಿದ್ದ ಮೂತಿಗೆ ಹೊಂದಿಸಿದ್ದ ಬೆಳಕು, ಮೂತಿ ಏರಿದ ಮೇಲೆ ಎದುರು ಬರುವವನ ಕಣ್ಣಿಗೇ ಬೀಳುತ್ತದೆ.