ಡೊ ಎಲ್ಲಿದೆ?

ಶನಿವಾರ ಸಂಜೆ ಐದೂವರೆಗೆ ಕ್ವಾಯರ್ ಪ್ರಾಕ್ಟೀಸ್. ಅಪ್ಪ ಐದಕ್ಕೇ ಹೋಗಿ ದೇವಾಲಯದ ಬಾಗಿಲಲ್ಲಿ ನಿಂತಿರುತ್ತಿದ್ದರು. ಒಳಗೆ ಬಂದವರಿಗೆ ಅವರದು ಒಂದೇ ಪ್ರಶ್ನೆ: "ಬರಕೊಂಡು ಬಂದ್ಯಾ?" ಗಂಟಲು ಸರಿಯಿದೆಯೇ, ಹಾಡು ಬಾಯಿಗೆ ಬಂತೇ ಎಂದು ಯಾರನ್ನೂ ಕೇಳಿದವರಲ್ಲ.

ಬರೆಯಬೇಕಾಗಿದ್ದುದು ಸೋಲ್‌ಫಾ. ಡೊ, ರೆ, ಮಿ ಸ್ವರಗಳನ್ನು ಅಕ್ಷರಗಳಲ್ಲೇ ಬರೆಯುವ ಲಿಪಿ ಅದು. ಇದ್ದದ್ದು ಒಂದೇ ಅಚ್ಚಿನ ಪುಸ್ತಕ. ಅಂಚೆ ಕಚೇರಿಯ ಗುಮಾಸ್ತರು, ಆಸ್ಪತ್ರೆಯ ನರ್ಸಮ್ಮ, ದರ್ಜಿ, ಇಬ್ಬರು ಟೀಚರುಗಳು, ಸಂಬಳವಿಲ್ಲದೆ ಹಾಡಲು ಬರುವ ಅಷ್ಟೂ ಜನ ಸರದಿಯ ಮೇಲೆ ಅದನ್ನು ಮನೆಗೆ ಒಯ್ದು ತಮ್ಮ ತಮ್ಮ ದನಿಯ ಸಾಲನ್ನು ಉದ್ದ ನೋಟ್ ಪುಸ್ತಕಕ್ಕೆ ಇಳಿಸಿಕೊಳ್ಳಬೇಕು. ಕಾರ್ಬನ್ ಹಾಳೆ ಇಟ್ಟು ನಾಲ್ಕು ಪ್ರತಿ ತೆಗೆಯಬಹುದಿತ್ತು. ಅಪ್ಪ ಒಪ್ಪಲಿಲ್ಲ.

ಈ ಲಿಪಿ ಹುಟ್ಟಿದ್ದೇ ನಮ್ಮಂಥವರಿಗಾಗಿ. ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಪಾದ್ರಿಯ ಮಗಳು ಸಾರಾ ಗ್ಲವರ್, ಮಕ್ಕಳಿಗೆ ಕೀರ್ತನೆ ಕಲಿಸಲು ಸ್ವರಗಳ ಮೊದಲ ಅಕ್ಷರಗಳನ್ನೇ ಬಳಸಿದರು. ಸೊ, ಸಿ ಎರಡಕ್ಕೂ ಮೊದಲಕ್ಷರ ಒಂದೇ ಆಗುತ್ತದೆಂದು ಸಿಯನ್ನು ಟಿ ಮಾಡಿದವರೂ ಅವರೇ. 1841ರಲ್ಲಿ ಹಲ್ ಊರಿನಲ್ಲಿ ಸೇರಿದ್ದ ಸಂಡೇ ಸ್ಕೂಲ್ ಶಿಕ್ಷಕರು, ಹಾಡು ಕಲಿಸುವ ಸುಲಭ ದಾರಿ ಹುಡುಕಿಕೊಡಿ ಎಂದು ಜಾನ್ ಕರ್ವೆನ್ ಎಂಬ ಯುವ ಪಾದ್ರಿಗೆ ಕೆಲಸ ಒಪ್ಪಿಸಿದರು. ಸಂಗೀತದಲ್ಲಿ ಪಳಗಿದವರೇನಲ್ಲ ಕರ್ವೆನ್. ಗ್ಲವರ್ ಅವರ ಪುಸ್ತಕದಿಂದಲೇ ತಾವೂ ಕಲಿತು, ಅದನ್ನು ತಿದ್ದಿ ಹರಡಿದರು. ಹೆಸರು ಅವರಿಗೇ ಹೆಚ್ಚು ಬಂತು. ಅದು ನ್ಯಾಯವಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಐದು ಗೆರೆಯ ಸ್ಟಾಫ್ ಸ್ವರಲಿಪಿಯ ಅಚ್ಚಿಗೆ ಆಗ ಬೇರೆ ಅಚ್ಚುಮೊಳೆ, ಬೇರೆ ಖರ್ಚು ಬೇಕಿತ್ತು. ಸೋಲ್‌ಫಾಕ್ಕೆ ಯಾವ ಮುದ್ರಣಾಲಯದಲ್ಲೂ ಇದ್ದ ಅಕ್ಷರ, ಚುಕ್ಕೆ, ಗೆರೆ ಸಾಕಾಗುತ್ತಿತ್ತು. ಮಾತ್ರೆಗಳ ನಡುವೆ ಎರಡು ಚುಕ್ಕೆ, ಮಾತ್ರೆಯನ್ನು ಅರ್ಧ ಮಾಡಲು ಒಂದು ಚುಕ್ಕೆ, ಸ್ವರ ಎಳೆಯಲು ಅಡ್ಡಗೆರೆ. ಡೊ ನಮ್ಮ ಷಡ್ಜದ ಹಾಗೆಯೇ, ಶ್ರುತಿ ಎಲ್ಲಿಟ್ಟರೆ ಅಲ್ಲಿ. ಮನೆಯಲ್ಲಿ ಸರಳೆ ವರಸೆ ಕೇಳಿ ಬೆಳೆದ ಟೀಚರಮ್ಮನಿಗೆ ಇದು ಒಂದೇ ವಾರದಲ್ಲಿ ಹತ್ತಿತು. ಅಪ್ಪ ಟ್ಯೂನಿಂಗ್ ಫೋರ್ಕನ್ನು ಮಂಡಿಗೆ ಬಡಿದು ಕಿವಿಗೆ ಹಿಡಿದು, "ಡೊ ಎಲ್ಲಿದೆ?" ಅನ್ನುತ್ತಿದ್ದರು. ಸೊಪ್ರಾನೊ, ಆಲ್ಟೊ, ಟೆನರ್, ಬಾಸ್, ನಾಲ್ಕು ಸಾಲಿನವರೂ ಗುನುಗಿ ತೋರಿಸಬೇಕು.

ಒಂದು ಕ್ರಿಸ್‌ಮಸ್‌ಗೆ ನಾನು ಬೇರೆಯವರ ನೋಟ್ ಪುಸ್ತಕ ಇಸಕೊಂಡು ಹೋದೆ. ಆ ಹುಡುಗಿ ಸೊ ಅಕ್ಷರದ ಕಾಲಿಗೆ ಹಾಕಬೇಕಾದ ಪುಟ್ಟ ಗುರುತು ಬಿಟ್ಟಿದ್ದಳು. ಗುರುತು ಇದ್ದರೆ ಕೆಳಗಿನ ಸ್ಥಾಯಿ. ಆಲ್ಟೊದವರೆಲ್ಲ ಕೆಳಗಿಳಿದರು, ನಾನೊಬ್ಬಳು ಸೊಪ್ರಾನೊಗಿಂತ ಮೇಲೆ ಹೋಗಿ ಕೂಗಿದೆ. ಬಾಸಿನವರು ನಕ್ಕ ನಗೆಗೆ ಪೆಡಲ್ ಆರ್ಗನ್ ನಿಂತಿತು. ಅಪ್ಪ ಮಾತ್ರ ನಗಲಿಲ್ಲ. "ನೀನು ಬರೆದಿದ್ದರೆ ಕೈಗೆ ಗೊತ್ತಿರ್ತಿತ್ತು" ಅಂದರು.

ಈಗ ನಾನು ಅವರ ಜಾಗದಲ್ಲಿ ನಿಲ್ಲುತ್ತೇನೆ. ಗುರುವಾರವೇ ಎಲ್ಲರ ವಾಟ್ಸ್ಆ್ಯಪ್‌ಗೆ ಹಾಡು ಹೋಗುತ್ತದೆ. ಬಸ್ಸಿನಲ್ಲಿ ಕೇಳಿಕೊಂಡು ಬರುತ್ತಾರೆ, ಪಲ್ಲವಿ ಚೆನ್ನಾಗಿ ಬರುತ್ತದೆ. ಆದರೆ ಕಿವಿ ಹಿಡಿಯುವುದು ಸೊಪ್ರಾನೊ ದಾರಿಯನ್ನೇ; ಎರಡನೇ ಚರಣಕ್ಕೆ ಬರುವಷ್ಟರಲ್ಲಿ ನನ್ನ ಆಲ್ಟೊ, ಟೆನರ್ ಎಲ್ಲ ಅದರ ಹಿಂದೆಯೇ ಹೊರಟಿರುತ್ತವೆ. ಅವನ್ನು ಹಿಂದಕ್ಕೆ ಕರೆತರುವುದರಲ್ಲೇ ಅರ್ಧ ಸಂಜೆ ಕಳೆಯುತ್ತದೆ.

ಮುಂದಿನ ಶನಿವಾರ ಬರುವವರು ಫೋನ್ ತನ್ನಿ, ಬೇಡ ಅನ್ನುವುದಿಲ್ಲ. ಜೊತೆಗೊಂದು ಪೆನ್ಸಿಲ್ ಇರಲಿ. ಆಲ್ಟೊದವರು ಎರಡನೇ ಚರಣದ ಸಾಲನ್ನು ಮನೆಯಲ್ಲೇ ಬರೆದುಕೊಂಡು ಬನ್ನಿ, ಕಾಲಿನ ಗುರುತು ಸಮೇತ.